ಮಾತು ಕಲಿಯುವ ಗಣಕಯಂತ್ರ

ಬೆಲ್ಲದ ಮಾರುಕಟ್ಟೆಗೆ ಹೆಸರಾದ ಅನಕಾಪಲ್ಲಿಯು 2022ರ ಏಪ್ರಿಲ್‌ನಲ್ಲಿ ವಿಶಾಖಪಟ್ಟಣದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ನೆರೆಯ ವಿಶಾಖಪಟ್ಟಣದಲ್ಲಿ ಬುದ್ಧಿವಂತ ಗಣಕಯಂತ್ರಗಳ ಬೃಹತ್ ಕೇಂದ್ರವೊಂದಕ್ಕಾಗಿ ಐದು ವರ್ಷಗಳಲ್ಲಿ ಸುಮಾರು 1,500 ಕೋಟಿ ಡಾಲರ್ ತೊಡಗಿಸುವುದಾಗಿ ಗೂಗಲ್ ಸಂಸ್ಥೆಯು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಇಂತಹ ಯಂತ್ರಗಳಿಗೆ ಅಲ್ಲಿನ ಕಬ್ಬು ಬೆಳೆಗಾರನ ತೆಲುಗಾಗಲಿ, ನಮ್ಮ ರೈತನ ಕನ್ನಡವಾಗಲಿ ಅರ್ಥವಾದೀತೇ?

ಹಿಂದೆ ಗಣಕಯಂತ್ರವನ್ನು ಬಳಸುವವರು ಅದರ ಆಜ್ಞೆಗಳನ್ನು ಕಲಿಯಬೇಕಿತ್ತು. ಈಗ ಯಂತ್ರವೇ ನಮ್ಮ ಮಾತನ್ನು ಕಲಿಯುತ್ತಿದೆ. ಅಪಾರ ಪ್ರಮಾಣದ ಧ್ವನಿಮುದ್ರಣವನ್ನು ಅದರ ಬರಹರೂಪದೊಡನೆ ಹೋಲಿಸಿ, ಯಾವ ಧ್ವನಿಗೆ ಯಾವ ಪದ ಹೊಂದೀತೆಂದು ಅದು ಊಹಿಸುತ್ತದೆ. ಇದು ಕೇವಲ ಊಹೆ, ತಿಳಿವಳಿಕೆಯೆಂದು ಭ್ರಮಿಸಬಾರದು. ಮಂಡ್ಯದ ರೈತನು ‘ಆಲೆಮನೆ’ ಎಂದರೆ, ಆ ಪದವನ್ನು ಕೇಳಿಯೇ ಇರದ ಯಂತ್ರವು ‘ಆ ಮನೆ’ ಎಂದು ಬರೆದುಕೊಳ್ಳಬಹುದು. ಕಲಬುರಗಿಯ ಅಥವಾ ಕುಂದಾಪುರದ ಆಡುಮಾತು ಅದಕ್ಕೆ ಇನ್ನಷ್ಟು ತೊಡಕು.

ಕೇಂದ್ರ ಸರ್ಕಾರವು 2022ರ ಜುಲೈನಲ್ಲಿ ಆರಂಭಿಸಿದ ‘ಭಾಷಿಣಿ’ ಯೋಜನೆಯು ಈ ಕೊರತೆಯನ್ನು ನೀಗಲು ಯತ್ನಿಸುತ್ತಿದೆ. ಅದರ ‘ಭಾಷಾದಾನ’ ವ್ಯವಸ್ಥೆಯಲ್ಲಿ ನಾಗರಿಕರು ತಮ್ಮ ಧ್ವನಿಯನ್ನು ನೀಡಬಹುದು. ಪಿಎಂ-ಕಿಸಾನ್ ಯೋಜನೆಗಾಗಿ 2023ರ ಸೆಪ್ಟೆಂಬರ್‌ನಲ್ಲಿ ಬಂದ ‘ಕಿಸಾನ್ ಇ-ಮಿತ್ರ’ವನ್ನು ಕನ್ನಡದಲ್ಲಿಯೂ ಪ್ರಶ್ನಿಸಬಹುದು.

ಆದರೆ ಪ್ರಶ್ನೆಯನ್ನು ತಪ್ಪಾಗಿ ಕೇಳಿಸಿಕೊಂಡ ಯಂತ್ರವೂ ಅಷ್ಟೇ ನಿಶ್ಚಿತ ದನಿಯಲ್ಲಿ ಉತ್ತರಿಸಬಲ್ಲದು. ಆದ್ದರಿಂದ ಕಂತಿನ ಹಣ, ಬ್ಯಾಂಕ್ ಖಾತೆ ಅಥವಾ ಔಷಧ ಸಿಂಪಡಣೆಯ ಪ್ರಮಾಣದ ವಿಷಯದಲ್ಲಿ ಅದರ ಉತ್ತರವನ್ನು ರೈತ ಸಂಪರ್ಕ ಕೇಂದ್ರದ ಅಥವಾ ಬ್ಯಾಂಕಿನ ಸಿಬ್ಬಂದಿಯಲ್ಲಿ ವಿಚಾರಿಸಿಯೇ ಮುಂದುವರಿಯತಕ್ಕದ್ದು.