ಭಟ್ಟರು ಓದಬಲ್ಲ ಟೋಕನ್: ಪುಟ್ಟ ಥರ್ಮಲ್ ಪ್ರಿಂಟರ್‌ನಲ್ಲಿ ಕನ್ನಡ

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘ ಎರಡು ದಿನ ಹಾಕಿದ್ದ ತಿಂಡಿ ಮಳಿಗೆಗೆ ಬಂದಿದ್ರಾ? ಬಂದಿದ್ರೆ ಮೊದಲ ದಿನ ಬೆಳಗ್ಗೆ ನೀವು ಕೇಳಿದ್ದು ನೀರ್ ದೋಸೆ, ಸಿಕ್ಕಿದ್ದು ಅಕ್ಕಿ ರೊಟ್ಟಿ ಆಗಿರಬಹುದು. ಅದಕ್ಕೆ ಕ್ಷಮೆ ಇರಲಿ. ತಪ್ಪು ತಿಂಡಿ ಮಾಡಿದ ಭಟ್ಟರದ್ದಲ್ಲ, ಟೋಕನ್ ಕೊಟ್ಟ ನಮ್ಮದು.

ಆಗಿದ್ದು ಇಷ್ಟು. ಕೈಯಲ್ಲಿ ಟೋಕನ್ ಬರೆಯೋದು ತಡ ಆಗುತ್ತೆ ಅಂತ ಸಂಘದ ದುಡ್ಡಲ್ಲಿ ಒಂದು ಬ್ಲೂಟೂತ್ ಥರ್ಮಲ್ ಪ್ರಿಂಟರ್ ತಂದೆವು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಒಳಗೆ ಬ್ಯಾಟರಿ, ಬಸ್ ಕಂಡಕ್ಟರ್ ಟಿಕೆಟ್ ಹರಿದು ಕೊಡ್ತಾರಲ್ಲ, ಅದೇ ಜಾತಿಯ ಕಾಗದ. ಅದರ ಜೊತೆಗಿನ ಆ್ಯಪ್‌ನಲ್ಲಿ ತಿಂಡಿಯ ಹೆಸರುಗಳನ್ನು ಇಂಗ್ಲಿಷಿನಲ್ಲಿ, ಅದೂ ಮೊಟಕು ಮಾಡಿ, ತುಂಬಿಸಿದೆವು. ಮುದ್ರಣ ಚೆನ್ನಾಗೇ ಬಂತು. ಆದರೆ ತವಾದ ಮುಂದೆ ನಿಂತಿದ್ದ ಭಟ್ಟರು ಓದೋದು ಕನ್ನಡ ಮಾತ್ರ. "ಏನ್ರಪ್ಪಾ ಇದು, ನಂಗೆ ಓದಕ್ಕೆ ಬರೋ ಹಾಗೆ ಬರ್ದು ಕೊಡ್ರೋ" ಅಂದರು. ಕನ್ನಡ ಸಂಘದ ಮಳಿಗೆ, ರಾಜ್ಯೋತ್ಸವದ ದಿನ, ಕನ್ನಡದ ಅಡುಗೆ ಭಟ್ಟರಿಗೆ ಇಂಗ್ಲಿಷ್ ಚೀಟಿ! ನಾಚಿಕೆಯಿಂದ ಅಲ್ಲೇ ಕನ್ನಡದಲ್ಲಿ ಟೈಪ್ ಮಾಡಿ ಒತ್ತಿದೆವು. ಚೀನೀ ಅಕ್ಷರಗಳು ಬಂದವು.

ಅಂಗಡಿಯವರಿಗೆ ಫೋನ್ ಮಾಡಿದರೆ "ಈ ಪ್ರಿಂಟರ್‌ನಲ್ಲಿ ಕನ್ನಡ ಬರಲ್ಲ ಸರ್" ಅಂದರು. ಈ ಮಾತನ್ನು ನೀವೂ ಎಲ್ಲೋ ಒಂದು ಕಡೆ ಕೇಳಿರ್ತೀರಿ. ಅದು ಅರ್ಧ ಸತ್ಯ. ಉಳಿದರ್ಧ ಏನು ಅನ್ನೋದು ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಕೂತಾಗ ಗೊತ್ತಾಯ್ತು. ಅದನ್ನೇ ಇಲ್ಲಿ ಬರೀತಿದ್ದೇವೆ. ಮುಂದೆ ನಿಮ್ಮ ವಿಭಾಗದ ಫೆಸ್ಟ್‌ಗೋ, ಮನೆಯವರ ಅಂಗಡಿಗೋ ಉಪಯೋಗಕ್ಕೆ ಬಂದೀತು.

ಮೊದಲು ಯಂತ್ರದ ವಿಚಾರ. ಇದರಲ್ಲಿ ಶಾಯಿ ಇಲ್ಲ, ಟೋನರ್ ಇಲ್ಲ. ಇರೋದು ಕಾಗದದ ಅಗಲಕ್ಕೆ ಸಾಲಾಗಿ ಕೂತಿರುವ ಸಣ್ಣ ಸಣ್ಣ ಹೀಟರ್‌ಗಳು. ಬಣ್ಣ ಕಾಗದದಲ್ಲೇ ಇದೆ. ಅದರ ಒಂದು ಮೈಗೆ ಬಣ್ಣವಿಲ್ಲದ ಲ್ಯೂಕೋ ಡೈ ಮತ್ತು ಅದನ್ನು ಕಪ್ಪಾಗಿಸುವ ಒಂದು ಆಮ್ಲೀಯ ಪುಡಿ, ಎರಡನ್ನೂ ಸೇರಿಸಿ ಸವರಿರುತ್ತಾರೆ. ಬಿಸಿ ತಗುಲಿದ ಚುಕ್ಕೆಯಲ್ಲಿ ಅವೆರಡೂ ಕರಗಿ ಬೆರೆತು ಕಪ್ಪಾಗುತ್ತವೆ. ಸ್ಟೆಪ್ಪರ್ ಮೋಟರ್ ಕಾಗದವನ್ನು ಒಂದು ಸಾಲು ಮುಂದೆ ತಳ್ಳುತ್ತೆ, ಮತ್ತೆ ಚುಕ್ಕೆ, ಮತ್ತೆ ತಳ್ಳು. ಇಂಟಿಗ್ರೇಟೆಡ್ ಸರ್ಕ್ಯೂಟ್ ಕಂಡುಹಿಡಿದ ಜಾಕ್ ಕಿಲ್ಬಿ ಗೊತ್ತಲ್ಲ, ಥರ್ಮಲ್ ಪ್ರಿಂಟರ್‌ನ ಹಿಂದೆಯೂ ಅವರ ಹೆಸರಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಅವರ ತಂಡ 1967ರಲ್ಲಿ ಮಾಡಿದ ಕೈ ಕ್ಯಾಲ್ಕುಲೇಟರ್‌ಗೆ ಪರದೆಯೇ ಇರಲಿಲ್ಲ. ಉತ್ತರ ಇಂಥದ್ದೇ ಕಾಗದದ ಪಟ್ಟಿಯ ಮೇಲೆ ಒತ್ತಿಕೊಂಡು ಹೊರಗೆ ಬರುತ್ತಿತ್ತು.

ಹಾಗಾಗಿ ರೋಲ್ ಹಾಕುವಾಗ ಯಾವ ಮೈ ಹೆಡ್‌ಗೆ ತಾಗುತ್ತೆ ಅನ್ನೋದೇ ಮುಖ್ಯ. ಉಗುರಿನಿಂದ ಜೋರಾಗಿ ಗೀರಿ ನೋಡಿ. ಕಪ್ಪು ಗೆರೆ ಬಿದ್ದ ಮೈ ಹೆಡ್ ಕಡೆಗಿರಬೇಕು. ತಿರುಗಾ ಮುರುಗಾ ಹಾಕಿದರೆ ಕಾಗದ ಖಾಲಿ ಬರುತ್ತೆ, ಮೋಟರ್ ಮಾತ್ರ ಗುರ್ ಅನ್ನುತ್ತೆ. ನಮ್ಮಲ್ಲೊಬ್ಬ "ಇಂಕ್ ಮುಗಿದಿದೆ ಕಣೋ" ಅಂದಿದ್ದು ಆಗಲೇ. ರೋಲ್ 58 ಮಿ.ಮೀ. ಅಗಲದ್ದು. ಕೊಳ್ಳುವಾಗ ಅಗಲದ ಜೊತೆ ಸುರುಳಿಯ ದಪ್ಪವನ್ನೂ ನೋಡಿ, ದೊಡ್ಡ ಬಿಲ್ಲಿಂಗ್ ಯಂತ್ರದ ದಪ್ಪ ರೋಲ್ ಈ ಪುಟ್ಟ ಡಬ್ಬಿಯೊಳಗೆ ಕೂರಲ್ಲ. ಮುಚ್ಚಳ ಎರಡೂ ಬದಿ ಟಕ್ ಅನ್ನುವ ಹಾಗೆ ಒತ್ತಿ. ಒಂದು ಬದಿ ಸರಿಯಾಗಿ ಕೂರದಿದ್ದರೆ ಆ ಬದಿಯ ಅಕ್ಷರ ಮಸುಕು.

ಇನ್ನು ಒಂದೇ ಒಂದು ಪರೀಕ್ಷೆ, ಫೋನ್ ಮುಟ್ಟುವ ಮೊದಲೇ ಮಾಡಬೇಕಾದ್ದು. ಪ್ರಿಂಟರ್ ಆಫ್ ಮಾಡಿ, ಫೀಡ್ ಗುಂಡಿ ಒತ್ತಿ ಹಿಡಿದು ಆನ್ ಮಾಡಿ. ಬಹುತೇಕ ಪ್ರಿಂಟರ್‌ಗಳು ತಮ್ಮ ಜಾತಕವನ್ನೇ ಒತ್ತಿ ಕೊಡುತ್ತವೆ: ಬ್ಲೂಟೂತ್ ಹೆಸರು, ಆವೃತ್ತಿ, ಯಾವ ಯಾವ ಲಿಪಿ ಒಳಗಿದೆ ಎಲ್ಲ. ಈ ಚೀಟಿ ಸರಿಯಾಗಿ ಬಂದರೆ ಕಾಗದ, ಹೆಡ್, ಬ್ಯಾಟರಿ ಚೆನ್ನಾಗಿವೆ, ತೊಂದರೆ ಏನಿದ್ದರೂ ಫೋನಿನ ಕಡೆ ಅಂತ ಅರ್ಥ. ಮಸುಕಾಗಿ ಬಂದರೆ ಮೊದಲು ಚಾರ್ಜ್‌ಗೆ ಹಾಕಿ, ಆಮೇಲೆ ಬೈಯಿರಿ.

ಜೋಡಿಸುವುದು ಸುಲಭ. ಪಿನ್ ಕೇಳಿದರೆ ಸಾಮಾನ್ಯವಾಗಿ 0000 ಇಲ್ಲವೇ 1234. ಆದರೆ ಇಲ್ಲಿ ಎಲ್ಲರೂ ಬೀಳುವ ಒಂದು ಹಳ್ಳ ಇದೆ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ 'ಪೇರ್ಡ್' ಅಂತ ಇರುತ್ತೆ, 'ಕನೆಕ್ಟೆಡ್' ಅಂತ ಬರೋದೇ ಇಲ್ಲ. ಅದು ದೋಷ ಅಲ್ಲ. ಹೆಡ್‌ಫೋನಿನಂತೆ ಇದು ಸದಾ ಅಂಟಿಕೊಂಡಿರಲ್ಲ. ಆ್ಯಪ್ ಮುದ್ರಿಸಲು ಹೊರಟಾಗ ಮಾತ್ರ ಸೀರಿಯಲ್ ಪೋರ್ಟಿನ ಹಾಗೆ ದಾರಿ ತೆರೆಯುತ್ತೆ. ಆ ದಾರಿಯಲ್ಲಿ ಒಂದು ಸಲಕ್ಕೆ ಒಬ್ಬರೇ. ನಮ್ಮ ಕೌಂಟರಿನಲ್ಲಿ ಇಬ್ಬರು ಎರಡು ಫೋನಿನಿಂದ ಒತ್ತುತ್ತಿದ್ದರು. ಒಬ್ಬನ ಆ್ಯಪ್ ದಾರಿ ಹಿಡಿದುಕೊಂಡು ಕೂತಿತ್ತು, ಇನ್ನೊಬ್ಬ ಹತ್ತು ನಿಮಿಷ ಪ್ರಿಂಟರನ್ನು ಆಫ್ ಆನ್ ಮಾಡುತ್ತಲೇ ಇದ್ದ. ಇತ್ತೀಚಿನ ಆಂಡ್ರಾಯ್ಡ್ ಆದರೆ ಆ್ಯಪ್‌ಗೆ 'ನಿಯರ್‌ಬೈ ಡಿವೈಸಸ್' ಅನುಮತಿ ಕೊಟ್ಟಿದ್ದೀರಾ ನೋಡಿ. ಐಫೋನಿನವರು ಕೊಳ್ಳುವ ಮೊದಲೇ ವಿಚಾರಿಸಿ. ಹಳೆಯ ಬಗೆಯ ಬ್ಲೂಟೂತ್ ಸೀರಿಯಲ್ ಮಾತ್ರ ಇರುವ ಅಗ್ಗದ ಪ್ರಿಂಟರ್ ಜೊತೆ ಐಫೋನ್ ಮಾತಾಡಲ್ಲ, ಬಿಎಲ್‌ಇ ಇರಬೇಕು.

ಈಗ ಆ ಚೀನೀ ಅಕ್ಷರಕ್ಕೆ ಬರೋಣ. ಈ ಪ್ರಿಂಟರ್‌ಗಳು ಮಾತಾಡುವುದು ಎಪ್ಸನ್ ಕಂಪನಿ ರೂಪಿಸಿದ ಇಎಸ್‌ಸಿ-ಪಿಒಎಸ್ ಎಂಬ ಆದೇಶಗಳ ಭಾಷೆ. ಎಲ್ಲವೂ ಬೈಟುಗಳೇ. 27, 64 ಕಳಿಸಿದರೆ 'ಹಳೆಯದೆಲ್ಲ ಮರೆತು ಹೊಸದಾಗಿ ಶುರು ಮಾಡು'. ಸುಮ್ಮನೆ 65 ಕಳಿಸಿದರೆ ಇಂಗ್ಲಿಷಿನ ಮೊದಲ ಅಕ್ಷರ. ಆ ಅಕ್ಷರದ ಆಕಾರ 12ಕ್ಕೆ 24 ಚುಕ್ಕೆಗಳ ಚಿತ್ರವಾಗಿ ಪ್ರಿಂಟರಿನ ನೆನಪಿನಲ್ಲಿ ಮೊದಲೇ ಇದೆ. ಇಂಗ್ಲಿಷ್ ಇದೆ, ಯುರೋಪಿನ ಕೆಲವು ಲಿಪಿ ಇವೆ, ನಮ್ಮದರಲ್ಲಿ ಚೀನೀ ಇದೆ. ಕನ್ನಡ ಇಲ್ಲ. ನಾವು 'ಕ' ಅಂತ ಟೈಪ್ ಮಾಡಿದಾಗ ಫೋನ್ ಯುಟಿಎಫ್-8ರಲ್ಲಿ ಮೂರು ಬೈಟ್ ಕಳಿಸುತ್ತೆ: 224, 178, 149. 'ದೋಸೆ' ಅಂದರೆ 12 ಬೈಟ್. ಪ್ರಿಂಟರ್ ಅವನ್ನು ಎರಡೆರಡಾಗಿ ಜೋಡಿ ಮಾಡಿ ತನಗೆ ಗೊತ್ತಿರುವ ಚೀನೀ ಕೋಷ್ಟಕದಲ್ಲಿ ಹುಡುಕಿ ಒತ್ತಿಬಿಡುತ್ತೆ. 28, 46 ಕಳಿಸಿದರೆ ಚೀನೀ ನಿಲ್ಲುತ್ತೆ. ಆಗ ಅದರ ಬದಲು ಚಿತ್ರ ವಿಚಿತ್ರ ಗುರುತುಗಳು ಬರುತ್ತವೆ, ಕನ್ನಡವಂತೂ ಬರಲ್ಲ.

ಅಂಗಡಿಯವರ ಅರ್ಧ ಸತ್ಯ ಇಲ್ಲಿಗೆ ಮುಗೀತು. ಪ್ರಿಂಟರ್‌ಗೆ ಕನ್ನಡ ಅಕ್ಷರ ಗೊತ್ತಿಲ್ಲ, ನಿಜ. ಆದರೆ ಅದಕ್ಕೆ ಚುಕ್ಕೆ ಗೊತ್ತು. ಯುಪಿಐ ಕ್ಯೂಆರ್ ಚಿತ್ರವನ್ನು, ಅಂಗಡಿಯ ಲೋಗೋವನ್ನು ಅದು ಹೇಗೆ ಒತ್ತುತ್ತೋ ಹಾಗೇ 'ಅಕ್ಕಿ ರೊಟ್ಟಿ'ಯನ್ನೂ ಒತ್ತಬಲ್ಲದು. ಅಕ್ಷರ ಕಟ್ಟುವ ಕೆಲಸ ಫೋನ್ ಅಥವಾ ಲ್ಯಾಪ್‌ಟಾಪ್ ಮಾಡಲಿ, ಅವೆರಡಕ್ಕೂ ಕನ್ನಡ ಚೆನ್ನಾಗಿ ಬರುತ್ತೆ. ಪ್ರಿಂಟರ್‌ಗೆ ಸಿದ್ಧ ಚಿತ್ರ ಕಳಿಸಿದರೆ ಸಾಕು.

ಲೆಕ್ಕ ಹೀಗೆ. ಮಿಲಿಮೀಟರಿಗೆ 8 ಚುಕ್ಕೆ. 58 ಮಿ.ಮೀ. ಕಾಗದದಲ್ಲಿ ಒತ್ತಲು ಸಿಗುವುದು 48 ಮಿ.ಮೀ., ಅಂದರೆ ಸಾಲಿಗೆ 384 ಚುಕ್ಕೆ. ಚುಕ್ಕೆಗೆ ಒಂದು ಬಿಟ್, ಸಾಲಿಗೆ 48 ಬೈಟ್. ಐದು ಸೆಂಟಿಮೀಟರ್ ಉದ್ದದ ಟೋಕನ್‌ಗೆ 400 ಸಾಲು, ಒಟ್ಟು 19,200 ಬೈಟ್. ಚಿತ್ರ ಕಳಿಸುವ ಆದೇಶ 29, 118, 48, 0. ಅದರ ಬೆನ್ನಿಗೆ ಅಗಲ 48, 0. ಆಮೇಲೆ ಎಷ್ಟು ಸಾಲು ಅನ್ನೋದು ಎರಡು ಬೈಟಿನಲ್ಲಿ, ಚಿಕ್ಕ ಬೈಟ್ ಮೊದಲು. ಆಮೇಲೆ ಚುಕ್ಕೆಗಳು. ಇದಿಷ್ಟೇ ಮಂತ್ರ.

ನಾವು ಪೈಥಾನ್‌ನಲ್ಲಿ ಪಿಲ್ಲೋ ಬಳಸಿ ಚಿತ್ರ ಬರೆದೆವು. ಮೊದಲ ಚೀಟಿಯಲ್ಲಿ 'ಅಕ್ಕಿ ರೊಟ್ಟಿ'ಯ ಒತ್ತುಗಳೆಲ್ಲ ಬಿಚ್ಚಿಕೊಂಡು ಅಕ್ಷರ ಒಂದು ಕಡೆ, ಗುಣಿತ ಒಂದು ಕಡೆ ಸಾಲಾಗಿ ನಿಂತಿದ್ದವು. ಪಿಲ್ಲೋ ತನ್ನಷ್ಟಕ್ಕೆ ಒಂದರ ಪಕ್ಕ ಒಂದು ಅಕ್ಷರ ಇಡಬಲ್ಲದು, ಅಷ್ಟೇ. ಕೆಳಗೆ ಒತ್ತು ಕೂರಿಸಲು ರಾಕ್ಮ್ ಎಂಬ ಇನ್ನೊಂದು ಲೈಬ್ರರಿ ಬೇಕು. ಅದು ಸಿಕ್ಕಿದ ಮೇಲೆ ಅಕ್ಷರ ಸರಿಯಾಯ್ತು, ಆದರೆ ಅಂಚೆಲ್ಲ ಇರುವೆ ಮುತ್ತಿದ ಹಾಗೆ. ಯಾಕಂದ್ರೆ ಬೂದು ಬಣ್ಣವನ್ನು ಕಪ್ಪು ಬಿಳುಪು ಮಾಡುವಾಗ ಪಿಲ್ಲೋ ತಾನಾಗೇ ಡಿದರಿಂಗ್ ಮಾಡುತ್ತೆ. ಫೋಟೋಗೆ ಅದು ಚೆಂದ, ಅಕ್ಷರಕ್ಕೆ ಬೇಡ. 'ಇಷ್ಟಕ್ಕಿಂತ ಕಪ್ಪಾದರೆ ಕಪ್ಪು, ಇಲ್ಲದಿದ್ದರೆ ಬಿಳಿ' ಅಂತ ಒಂದೇ ಗೆರೆ ಎಳೆಯಿರಿ. ಮೂರನೇ ಚೀಟಿ ಪೂರ್ತಿ ಕಪ್ಪು, ಬಿಳಿ ಅಕ್ಷರ. ಪಿಲ್ಲೋಗೆ 1 ಅಂದರೆ ಬಿಳಿ, ಪ್ರಿಂಟರ್‌ಗೆ 1 ಅಂದರೆ ಸುಡು. ತಿರುಗಿಸಿ ಕಳಿಸಬೇಕು.

ಫಾಂಟ್ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಡಾಖಂಡಿತ: ತೆಳು ಫಾಂಟ್ ಬೇಡ್ವೇ ಬೇಡ. ಮಿಲಿಮೀಟರಿಗೆ ಎಂಟೇ ಚುಕ್ಕೆ ಇರುವ ಕಡೆ ತೆಳ್ಳನೆಯ ತಲೆಕಟ್ಟು ಅಲ್ಲಲ್ಲಿ ಹರಿದು ಹೋಗುತ್ತೆ. ನೋಟೋ ಸಾನ್ಸ್ ಕನ್ನಡದ ದಪ್ಪ ರೂಪ ನಮಗೆ ಒಗ್ಗಿತು. ಇಂಗ್ಲಿಷಿಗೆ 24 ಚುಕ್ಕೆ ಎತ್ತರ ಸಾಕು ಅಂತ ಕನ್ನಡಕ್ಕೂ ಅಷ್ಟೇ ಕೊಟ್ಟರೆ ಒತ್ತು ಕಪ್ಪು ಕಲೆಯಾಗುತ್ತೆ. ನಾವು 36ಕ್ಕೆ ಏರಿಸಿ, ಸಾಲಿನ ನಡುವೆ ಧಾರಾಳ ಜಾಗ ಬಿಟ್ಟೆವು.

ಆಮೇಲೂ ಒಂದು ಕಾಟ ಉಳಿದಿತ್ತು. ಉದ್ದ ಚೀಟಿ ಒತ್ತಿದರೆ ಅರ್ಧದವರೆಗೆ ಕನ್ನಡ, ಅಲ್ಲಿಂದ ಮುಂದೆ ಗಜಿಬಿಜಿ. ಪ್ರಿಂಟರಿನ ಪುಟ್ಟ ಬಫರ್ ತುಂಬಿ ಒಂದಷ್ಟು ಬೈಟ್ ಬಿದ್ದುಹೋದರೆ, ಲೆಕ್ಕ ತಪ್ಪಿದ ಪ್ರಿಂಟರ್ ಉಳಿದ ಚುಕ್ಕೆಗಳನ್ನೇ ಅಕ್ಷರ ಅಂದುಕೊಳ್ಳುತ್ತೆ. ಚಿತ್ರವನ್ನು 100 ಸಾಲಿನ ತುಂಡು ಮಾಡಿ, ಪ್ರತಿ ತುಂಡಿಗೂ ಆದೇಶ ಹೊಸದಾಗಿ ಬರೆದು, ನಡುವೆ ಒಂದು ಕ್ಷಣ ತಡೆದು ಕಳಿಸಿದ ಮೇಲೆ ಸರಿಹೋಯ್ತು. ಕೊನೆಗೆ ನಾಲ್ಕು ಸಾಲು ಕಾಗದ ಮುಂದೆ ತಳ್ಳಿ: 27, 100, 4. ಹರಿಯುವ ಹಲ್ಲು ಹೆಡ್‌ಗಿಂತ ಮುಂದಿದೆ, ತಳ್ಳದಿದ್ದರೆ ಕೊನೆಯ ಸಾಲು ಒಳಗೇ ಉಳಿದು ಮುಂದಿನ ಗಿರಾಕಿಯ ಪಾಲಾಗುತ್ತೆ.

ಇಷ್ಟೆಲ್ಲ ಕೋಡ್ ಬರೆಯೋ ತಾಳ್ಮೆ ಇಲ್ಲದವರು ಆಂಡ್ರಾಯ್ಡ್‌ನಲ್ಲಿ ರಾ-ಬಿಟಿ ಥರದ ಆ್ಯಪ್ ಹಾಕಿಕೊಂಡು, ಕನ್ನಡ ಟೋಕನ್ನಿನ ಚಿತ್ರವನ್ನೇ ಅದಕ್ಕೆ ಶೇರ್ ಮಾಡಿ. ಮೆನು ಸಣ್ಣದಿದ್ದರೆ ತಿಂಡಿಗೊಂದು ಚಿತ್ರ ಮಾಡಿಟ್ಟುಕೊಂಡರೆ ಕೆಲಸ ಆಯ್ತು.

ಎರಡನೇ ದಿನ ಬೆಳಗ್ಗೆ ಭಟ್ಟರ ಕೈಗೆ ಚೀಟಿ ಹೋಯ್ತು: ನೀರ್ ದೋಸೆ 2, ಅಕ್ಕಿ ರೊಟ್ಟಿ 1. ಕನ್ನಡಕ ಹಣೆಗೇರಿಸಿ ಓದಿ, ಏನೂ ಹೇಳದೆ ಹಿಟ್ಟು ಹುಯ್ದರು. ಸರದಿ ಚಕಚಕ ಸಾಗಿತು. ಹನ್ನೊಂದರ ಹೊತ್ತಿಗೆ ಮತ್ತೆ ಕೂಗು: "ಚೀಟಿ ಎಲ್ಲಾ ಕಪ್ಪಗಾಗಿದೆ ನೋಡ್ರೋ!" ಭಟ್ಟರು ಬಂದ ಟೋಕನ್‌ಗಳನ್ನು ತವಾದ ಪಕ್ಕದ ತಂತಿಗೆ ಸಿಕ್ಕಿಸುತ್ತಿದ್ದರು. ಹೀಟರ್ ಮಾಡುವ ಕೆಲಸವನ್ನು ತವಾ ಮಾಡಿ ಮುಗಿಸಿತ್ತು. ಕಾಗದಕ್ಕೆ ಬಿಸಿ ಎಲ್ಲಿಂದ ಬಂದರೇನು? ತಂತಿಯನ್ನು ಒಲೆಯಿಂದ ದೂರ, ಚಟ್ನಿ ಪಾತ್ರೆಯ ಆಚೆ ಕಟ್ಟಿದೆವು.

ಅದೇ ಕಾರಣಕ್ಕೆ ಈ ಚೀಟಿಯನ್ನು ದಾಖಲೆ ಅಂತ ನಂಬಬೇಡಿ. ಬಿಸಿಲು, ಎಣ್ಣೆ ಕೈ, ಪ್ಲಾಸ್ಟಿಕ್ ಕವರ್, ಸೆಲ್ಲೋಟೇಪ್ ಎಲ್ಲವೂ ಅಕ್ಷರ ತಿನ್ನುತ್ತವೆ. ರೋಲ್, ದಿನಸಿ ಕೊಂಡ ಥರ್ಮಲ್ ಬಿಲ್‌ಗಳನ್ನು ನಮ್ಮ ಖಜಾಂಚಿ ಪ್ಲಾಸ್ಟಿಕ್ ಫೈಲಿನಲ್ಲಿ ಜೋಪಾನ ಮಾಡಿದ್ದಳು. ಲೆಕ್ಕ ಒಪ್ಪಿಸುವ ಹೊತ್ತಿಗೆ ಎರಡು ಬಿಲ್ ಬಿಳಿ ಹಾಳೆ. ಬಿಲ್ ಬಂದ ದಿನವೇ ಫೋಟೋ ತೆಗೆದಿಡಿ. ಇನ್ನೊಂದು: ಆ ಆಮ್ಲೀಯ ಪುಡಿಯಾಗಿ ಬಹಳ ಕಾಗದಗಳಲ್ಲಿ ಬಿಸ್ಫೆನಾಲ್-ಎ ಬಳಸುತ್ತಾರೆ. ಹಾರ್ಮೋನಿನ ಕೆಲಸಕ್ಕೆ ಅಡ್ಡಿ ಮಾಡುತ್ತೆ ಅಂತ ಯುರೋಪಿಯನ್ ಒಕ್ಕೂಟ 2020ರಿಂದ ಥರ್ಮಲ್ ಕಾಗದದಲ್ಲಿ ಅದಕ್ಕೆ ಕಡಿವಾಣ ಹಾಕಿದೆ. ಟೋಕನ್ನಿನ ಮೇಲೆ ಬೋಂಡಾ ಇಟ್ಟು ತಿನ್ನೋದು, ಬಾಯಲ್ಲಿ ಕಚ್ಚಿಕೊಂಡು ಪ್ಲೇಟ್ ಹಿಡಿಯೋದು ಬೇಡ. ರದ್ದಿ ಪೇಪರಿನ ಜೊತೆಗೂ ಹಾಕಬೇಡಿ.

ಪ್ರಿಂಟರ್ ಈಗ ಸಂಘದ ಕೋಣೆಯ ಬೀರುವಿನಲ್ಲಿದೆ. ಪೈಥಾನ್ ಕಡತ ಪೆನ್‌ಡ್ರೈವ್‌ನಲ್ಲಿ, ಜೊತೆಗೆ ಎರಡು ರೋಲ್. ಯಾವ ವಿಭಾಗದವರಿಗಾದರೂ ಬೇಕಿದ್ದರೆ ಕೇಳಿ ಪಡೆಯಿರಿ, ಹಿಂದಿನ ದಿನ ಚಾರ್ಜ್ ಮಾಡಿಟ್ಟಿರ್ತೇವೆ. ಕಾಗದದ ಅಂಚಿನಲ್ಲಿ ಕೆಂಪು ಗೆರೆ ಕಾಣಿಸಿದರೆ ರೋಲ್ ಮುಗಿಯುತ್ತಾ ಬಂತು ಅಂತ. ಕಳೆದ ಸಲ ಒಯ್ದವರು ಚಾರ್ಜರ್ ಕೇಬಲ್ ಇನ್ನೂ ತಂದುಕೊಟ್ಟಿಲ್ಲ.