ತಂತ್ರಾಂಶದ ಕೆಲಸ ಯಾರಿಗೆ ಒಪ್ಪಿಸಬೇಕು?

ಬೀದರ, ಭಾಲ್ಕಿ, ಔರಾದ ಭಾಗದ ವ್ಯಾಪಾರಸ್ಥರಿಗೆ ಗಣಕೀಕರಣವೆಂದರೆ ಬಹುಕಾಲ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಇಟ್ಟು ಗುಮಾಸ್ತರಿಂದ ಟ್ಯಾಲಿಯಲ್ಲಿ ಖಾತೆ ಬರೆಯಿಸುವುದಷ್ಟೇ ಆಗಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಿತು. 2023ರ ಆಗಸ್ಟ್ 1ರಿಂದ 5 ಕೋಟಿ ರೂ. ವಹಿವಾಟು ಮೀರಿದ ನೋಂದಾಯಿತರಿಗೆ ಇ-ಇನ್ವಾಯ್ಸ್ ಕಡ್ಡಾಯವಾಯಿತು. ಈಗ ವೇ ಬ್ರಿಡ್ಜ್‌ನ ತೂಕ ನೇರವಾಗಿ ಬಿಲ್ಲಿಗೆ ಬರಬೇಕು, ದಾಸ್ತಾನು ಮೊಬೈಲಿನಲ್ಲಿ ಕಾಣಬೇಕು, ಬಿದರಿ ಸಾಮಾನು ಜಾಲತಾಣದಲ್ಲಿ ಮಾರಾಟವಾಗಬೇಕು ಎಂಬ ಬೇಡಿಕೆಗಳು ಎದ್ದಿವೆ. ಸಿದ್ಧ ತಂತ್ರಾಂಶ ಸಾಲದೆ ಪ್ರತ್ಯೇಕವಾಗಿ ಮಾಡಿಸಬೇಕಾಗಿ ಬಂದಾಗ ಮುಂದೆ ನಿಲ್ಲುವ ಪ್ರಶ್ನೆ ಒಂದೇ. ಊರಿನ ಒಬ್ಬ ಸ್ವತಂತ್ರ ತಂತ್ರಜ್ಞನಿಗೆ ಕೆಲಸ ಕೊಡಬೇಕೋ, ಪುಣೆ, ಹೈದರಾಬಾದಿನ ಅಥವಾ ವಿದೇಶದ ಸಂಸ್ಥೆಗೋ?

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ನಂತರ ಹೊರದೇಶಗಳು ತಮ್ಮ ತಂತ್ರಾಂಶದ ಕೆಲಸವನ್ನು ಕರ್ನಾಟಕಕ್ಕೆ ಕಳುಹಿಸುತ್ತ ಬಂದಿವೆ. ಅದೇ ರಾಜ್ಯದ ತುದಿಯ ವರ್ತಕ ತನ್ನ ಕೆಲಸವನ್ನು ಸಮುದ್ರದಾಚೆ ಕಳುಹಿಸಲು ಯೋಚಿಸುವುದು ವಿಚಿತ್ರವೆನಿಸಬಹುದು. ಆದರೆ ಅಂತರಜಾಲದಲ್ಲಿ ದರಪಟ್ಟಿ ತರಿಸಿಕೊಳ್ಳುವುದು ಸುಲಭವಾದ್ದರಿಂದ ಅಂಥ ಯೋಚನೆ ಈಗ ಅಪರೂಪವಲ್ಲ. ತೊಡಕಿರುವುದು ದರಪಟ್ಟಿಯ ಕೊನೆಯ ಸಾಲನ್ನು ಮಾತ್ರ ನೋಡಿ ನಿರ್ಧರಿಸುವುದರಲ್ಲಿ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಔರಾದ ಭಾಗದ ಡಾಬಕಾದಲ್ಲಿ ತೊಗರಿ, ಹೆಸರು, ಉದ್ದು ಖರೀದಿಸುವ ವರ್ತಕರೊಬ್ಬರು ಖರೀದಿ ತಂತ್ರಾಂಶ ಮಾಡಿಸಲು ಹೊರಟಿದ್ದಾರೆ. ಭಾಲ್ಕಿಯ ತಂತ್ರಜ್ಞ 1,60,000 ರೂ. ಕೇಳುತ್ತಾನೆ. ಪುಣೆಯ ಸಂಸ್ಥೆ 2,00,000 ರೂ. ಮತ್ತು ತೆರಿಗೆ ಕೇಳುತ್ತದೆ. ವಿದೇಶಿ ಸಂಸ್ಥೆಯೂ 2,00,000 ರೂ.ಗೆ ಸಮನಾದ ಡಾಲರ್ ಕೇಳುತ್ತದೆ, ಆದರೆ ಯಾವ ಕಡಿತವೂ ಇಲ್ಲದೆ ಅಷ್ಟೂ ತನ್ನ ಕೈಸೇರಬೇಕೆನ್ನುತ್ತದೆ.

ತೆರಿಗೆ ಸೇರಿದ ಮೇಲಿನ ಬೆಲೆ

ತಂತ್ರಜ್ಞನ ವಾರ್ಷಿಕ ವಹಿವಾಟು 20 ಲಕ್ಷ ರೂ. ಒಳಗಿದ್ದು ಆತ ನೋಂದಣಿ ಮಾಡಿಸಿರದಿದ್ದರೆ ಜಿಎಸ್‌ಟಿ ಇಲ್ಲ. ಪುಣೆಯ ಬಿಲ್ಲಿಗೆ ಶೇ. 18ರಂತೆ 36,000 ರೂ. ಸೇರುತ್ತದೆ. ಅದನ್ನು ಹುಟ್ಟುವಳಿ ತೆರಿಗೆ ಜಮೆಯಾಗಿ ಮರಳಿ ಪಡೆಯಬಹುದೆಂಬ ಭರವಸೆ ಎಲ್ಲರಿಗೂ ಅನ್ವಯಿಸದು. ಬೇಳೆಕಾಳು ಬಿಡಿಯಾಗಿ ಅಥವಾ 25 ಕಿಲೋ ಮೀರಿದ ಚೀಲಗಳಲ್ಲಿ ಮಾರಾಟವಾದರೆ ತೆರಿಗೆಯಿಲ್ಲ. ಮಾರಾಟದ ಮೇಲೆ ತೆರಿಗೆ ಇಲ್ಲದವನಿಗೆ ಜಮೆಯೂ ಇಲ್ಲ, ಆದ್ದರಿಂದ ಆ 36,000 ರೂ. ನೇರ ಖರ್ಚಾಗುತ್ತದೆ. 2022ರ ಜುಲೈ 18ರಿಂದ ಶೇ. 5ರ ತೆರಿಗೆಗೆ ಒಳಪಟ್ಟ, ಲೇಬಲ್ ಹಚ್ಚಿದ 25 ಕಿಲೋವರೆಗಿನ ಪೊಟ್ಟಣಗಳನ್ನು ಮಾರುವ ದಾಲ್ ಮಿಲ್ಲಿನವರ ಸ್ಥಿತಿ ಬೇರೆ. ಅವರಿಗೆ ಜಮೆ ದೊರೆಯುತ್ತದೆ.

ವಿದೇಶಿ ಸಂಸ್ಥೆಯ ಲೆಕ್ಕ ಇನ್ನೂ ಭಾರವಾದದ್ದು. ಆಮದು ಮಾಡಿಕೊಂಡ ಸೇವೆಗೆ ರಿವರ್ಸ್ ಚಾರ್ಜ್ ರೀತ್ಯಾ ಶೇ. 18ರ ತೆರಿಗೆಯನ್ನು ನೋಂದಾಯಿತ ಖರೀದಿದಾರನೇ ನಗದಾಗಿ ಕಟ್ಟಬೇಕು. ಇದಲ್ಲದೆ ತಾಂತ್ರಿಕ ಸೇವಾ ಶುಲ್ಕವೆಂದು ಪರಿಗಣಿತವಾಗುವ ಪಾವತಿಗೆ ಮೂಲದಲ್ಲೇ ಆದಾಯ ತೆರಿಗೆ ಕಡಿತ ಮಾಡಬೇಕು. ಇದರ ದರ 2023ರ ಏಪ್ರಿಲ್ 1ರಿಂದ ಶೇ. 10ರ ಬದಲು ಶೇ. 20 ಆಯಿತು, ಅದರ ಮೇಲೆ ಶೇ. 4ರ ಸೆಸ್. ‘ಕಡಿತವಿಲ್ಲದೆ ಪೂರ್ತಿ ಕೊಡಿ’ ಎಂಬ ಷರತ್ತಿಗೆ ಒಪ್ಪಿದರೆ ಆ ತೆರಿಗೆಯನ್ನೂ ವರ್ತಕನೇ ಹೊರಬೇಕು. 2,00,000 ರೂ. ನಿವ್ವಳವಾಗಿ ತಲುಪಬೇಕಾದರೆ ಒಟ್ಟು ಮೊತ್ತ 2,52,525 ರೂ. ಆಗುತ್ತದೆ. ಜಿಎಸ್‌ಟಿಯ 36,000 ರೂ. ಸೇರಿ 2,88,000 ರೂ. ದಾಟುತ್ತದೆ. ಪುಣೆಯ ದರಕ್ಕೆ ಸಮನೆಂದು ಕಂಡದ್ದು ಅದಕ್ಕಿಂತ 50,000 ರೂ. ದುಬಾರಿಯಾಯಿತು.

ಇದಕ್ಕೆ ವಿನಾಯಿತಿಗಳುಂಟು. ದ್ವಿತೆರಿಗೆ ತಡೆ ಒಪ್ಪಂದವಿರುವ ದೇಶದ ಸಂಸ್ಥೆಯಾದರೆ ದರ ಕಡಿಮೆಯಾಗಬಹುದು. ಅಮೆರಿಕದೊಂದಿಗಿನ ಒಪ್ಪಂದದಲ್ಲಂತೂ ತಾಂತ್ರಿಕ ಜ್ಞಾನವನ್ನು ಖರೀದಿದಾರನಿಗೆ ಲಭ್ಯವಾಗಿಸಿದರೆ ಮಾತ್ರ ಇಂಥ ಶುಲ್ಕಕ್ಕೆ ಇಲ್ಲಿ ತೆರಿಗೆ. ಆದರೆ ಆ ಸಂಸ್ಥೆ ತನ್ನ ದೇಶದ ತೆರಿಗೆ ನಿವಾಸ ಪ್ರಮಾಣಪತ್ರ ಒದಗಿಸಬೇಕು. ಹಣ ಕಳುಹಿಸಿದ ನಂತರ ಆ ಪತ್ರ ಕೇಳಿದರೆ ಉತ್ತರ ಬರುವುದು ಅನುಮಾನ.

ಕಡಿತ ಮಾಡದಿದ್ದರೆ ದೇಶದೊಳಗಿನ ಪಾವತಿಯ ಶೇ. 30ರಷ್ಟು ಖರ್ಚು ಲೆಕ್ಕಕ್ಕೆ ಒಪ್ಪಿತವಾಗದು. ವಿದೇಶಿ ಪಾವತಿಯಲ್ಲಿ ಪೂರ್ತಿ ಮೊತ್ತವೇ ತಿರಸ್ಕೃತವಾಗುತ್ತದೆ. ದೇಶದೊಳಗೆ, ಹಿಂದಿನ ವರ್ಷ 1 ಕೋಟಿ ರೂ. ವಹಿವಾಟು ಮೀರದ ವೈಯಕ್ತಿಕ ವ್ಯಾಪಾರಿಗೆ ಸಾಮಾನ್ಯವಾಗಿ ಈ ಕಡಿತದ ಹೊಣೆ ಇಲ್ಲ. ವಿದೇಶಿ ಪಾವತಿಗೆ ಆ ರಿಯಾಯಿತಿ ಇಲ್ಲ, ಕಿರು ಅಂಗಡಿಯವನಿಗೂ ಇಲ್ಲ. 2026ರ ಏಪ್ರಿಲ್ 1ರಿಂದ ಜಾರಿಯ ದಿನ ಗೊತ್ತಾದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾದರೂ ಈ ತತ್ವ ಹಾಗೆಯೇ ಇದೆ.

ಬಿದರಿ ರಫ್ತುದಾರನ ಸಂಗತಿ ಬೇರೆ. 2006ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಕಲೆಯನ್ನು ಹೊರದೇಶದ ಗ್ರಾಹಕನಿಗೆ ತೋರಿಸಲು ಅಲ್ಲಿನ ಅಭಿರುಚಿ, ಪಾವತಿ ವಿಧಾನ, ಸಾಗಣೆಯ ಪದ್ಧತಿ ಬಲ್ಲ ಸಂಸ್ಥೆ ಬೇಕಾಗಬಹುದು. ರಫ್ತು ಶೂನ್ಯ ದರದ ಪೂರೈಕೆಯಾದ್ದರಿಂದ ಆತನು ಕಟ್ಟಿದ ಜಿಎಸ್‌ಟಿಯನ್ನು ಮರುಪಾವತಿಯಾಗಿ ಕೋರಬಹುದು. ಅವನಿಗೆ ಸಲ್ಲುವ ಆಯ್ಕೆ ಡಾಬಕಾದ ವರ್ತಕನಿಗೆ ಸಲ್ಲುವುದಿಲ್ಲ.

ಡಾಬಕಾದ ಅಂಗಡಿಯೊಳಗೆ

ಧಾನ್ಯದ ಖರೀದಿಯೆಂದರೆ ಚೀಲದ ತೂಕ, ತೇವಾಂಶದ ಕಡಿತ, ಹಮಾಲಿ, ಅಡತ, ಬಾರದಾನದ ಬೆಲೆ, ಮುಂಗಡದ ವಸೂಲಿ, ಇವೆಲ್ಲ ಒಂದೇ ಚೀಟಿಯಲ್ಲಿ ಬರಬೇಕು. ಮಹಾರಾಷ್ಟ್ರದ ಗಡಿಗೆ ಹತ್ತಿರವಾದ ಊರಾದ್ದರಿಂದ ಒಬ್ಬ ರೈತನಿಗೆ ಕನ್ನಡದ ಚೀಟಿ, ಇನ್ನೊಬ್ಬನಿಗೆ ಮರಾಠಿಯದು ಬೇಕು. ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಹೆಸರುಗಳು ಪರಿವರ್ತಿಸದ ಹೊರತು ಯೂನಿಕೋಡ್‌ನಲ್ಲಿ ಓದಲು ಬರುವುದಿಲ್ಲ. ದೂರದ ಸಂಸ್ಥೆಗೆ ಇದನ್ನು ವಿವರಿಸುವಷ್ಟರಲ್ಲಿ ಕರಾರಿನ ಅರ್ಧ ಅವಧಿ ಕಳೆದಿರುತ್ತದೆ. ಬೀದರ ಮತ್ತು ಭಾಲ್ಕಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಸ್ಥಳೀಯ ಯುವಕನಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ವೇ ಬ್ರಿಡ್ಜ್‌ನ ಕೇಬಲ್ ಕೆಟ್ಟರೆ ಬಂದು ನೋಡುವವನೂ ಅವನೇ.

ಆದರೆ ಅವನು ಒಬ್ಬನೇ. ಪುಣೆಯಲ್ಲಿ ನೌಕರಿ ಸಿಕ್ಕಿ ಹೊರಟುಹೋದರೆ, ಅದೂ ತೊಗರಿ ಆವಕದ ಜನವರಿಯಲ್ಲಿ ಹೋದರೆ, ತಂತ್ರಾಂಶದ ಮೂಲ ಸಂಕೇತ ಅವನ ಲ್ಯಾಪ್‌ಟಾಪಿನೊಂದಿಗೇ ಹೋಗುತ್ತದೆ. ‘ಹಣ ಕೊಟ್ಟು ಮಾಡಿಸಿದ್ದು ನಮ್ಮದೇ’ ಎಂಬ ನಂಬಿಕೆ ಕಾನೂನಿನಲ್ಲಿ ನಿಲ್ಲದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನಂತೆ ನೌಕರನು ನೌಕರಿಯ ಭಾಗವಾಗಿ ಬರೆದದ್ದು ಮಾಲೀಕನದು. ಹೊರಗಿನ ಗುತ್ತಿಗೆದಾರ ಬರೆದ ತಂತ್ರಾಂಶದ ಮೊದಲ ಒಡೆಯ, ಬೇರೆ ಕರಾರು ಇಲ್ಲದಿದ್ದರೆ, ಬರೆದವನೇ. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. 19ನೆಯ ಕಲಮಿನಂತೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ, ವ್ಯಾಪ್ತಿ ಬರೆಯದಿದ್ದರೆ ಭಾರತಕ್ಕೆ ಮಾತ್ರ. ದೊಡ್ಡ ಸಂಸ್ಥೆಯ ಅಚ್ಚುಕಟ್ಟಾದ ಕರಾರಿನಲ್ಲೂ ಈ ಸಾಲು ಇಲ್ಲದಿರುವ ಸಂಭವವುಂಟು, ಓದಿ ನೋಡಬೇಕು.

ಇಂಥ ವರ್ತಕನಿಗೆ ಸ್ಥಳೀಯ ತಂತ್ರಜ್ಞನೇ ಯೋಗ್ಯ, ಆದರೆ ಕೆಲವು ಕಟ್ಟುಪಾಡುಗಳೊಂದಿಗೆ. ಜಾಲತಾಣದ ಹೆಸರು, ಸರ್ವರ್ ಖಾತೆ ವರ್ತಕನ ಹೆಸರಿನಲ್ಲೇ, ಅವನ ಮೊಬೈಲ್ ಸಂಖ್ಯೆಯಲ್ಲೇ ನೋಂದಣಿಯಾಗಬೇಕು. ಪ್ರತಿ ಕಂತಿನ ಹಣಕ್ಕೂ ಮೊದಲು ಅಲ್ಲಿಯವರೆಗಿನ ಮೂಲ ಸಂಕೇತ ಕೈಸೇರಬೇಕು. ಸಾಧ್ಯವಾದರೆ ಎರಡನೆಯ ತಂತ್ರಜ್ಞನೊಬ್ಬ ಅದನ್ನು ಮತ್ತೊಂದು ಕಂಪ್ಯೂಟರಿನಲ್ಲಿ ನಡೆಸಿ ನೋಡಬೇಕು. ಅದಕ್ಕೆ ತಗಲುವ ಖರ್ಚು ಪುಣೆಯ ಬಿಲ್ಲಿನ ತೆರಿಗೆಗಿಂತ ಹೆಚ್ಚಾಗಲಾರದು.

ಕೊನೆಯ ಕಂತನ್ನು ತೊಗರಿ ಹಂಗಾಮು ಮುಗಿಯುವವರೆಗೆ ತಡೆಹಿಡಿಯುವ ರೂಢಿಯಲ್ಲಿ ಒಂದು ಎಚ್ಚರ ಬೇಕು. ತಂತ್ರಜ್ಞ ಉದ್ಯಮ್ ನೋಂದಣಿ ಪಡೆದಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಕೆಲಸ ಸ್ವೀಕರಿಸಿದ ದಿನದಿಂದ, ಲಿಖಿತ ಕರಾರಿದ್ದರೂ, 45 ದಿನಗಳೊಳಗೆ ಹಣ ಕೊಡಬೇಕು, ಕರಾರಿಲ್ಲದಿದ್ದರೆ 15 ದಿನಗಳೊಳಗೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅಲ್ಲದೆ 2023-24ರ ಆರ್ಥಿಕ ವರ್ಷದಿಂದ ಅಂಥ ಬಾಕಿ ಪಾವತಿಯಾದ ವರ್ಷದಲ್ಲಿ ಮಾತ್ರ ಖರ್ಚಾಗಿ ಒಪ್ಪಿತವಾಗುತ್ತದೆ. ಆದ್ದರಿಂದ ಹಂಗಾಮಿನ ಪರೀಕ್ಷೆಯನ್ನೇ ಕೆಲಸದ ಕೊನೆಯ ಹಂತವೆಂದು ಕರಾರಿನಲ್ಲಿ ಬರೆದು, ಅದಕ್ಕೆ ಪ್ರತ್ಯೇಕ ಬಿಲ್ಲು ಮತ್ತು ಪ್ರತ್ಯೇಕ ಸ್ವೀಕೃತಿ ದಿನಾಂಕ ಇಟ್ಟುಕೊಳ್ಳುವುದು ಕ್ಷೇಮ.