ಸವೆದ ಲೋಹ ಎಷ್ಟು ಕಾಲ ತಾಳೀತು?

ಚಾಮರಾಜನಗರದ ಬಳಿಯ ಬದನಗುಪ್ಪೆ–ಕೆಲ್ಲಂಬಳ್ಳಿಯಂತಹ ಕೈಗಾರಿಕಾ ಪ್ರದೇಶಗಳಲ್ಲಿ ಹಬೆಯನ್ನೋ ಒತ್ತಿದ ಗಾಳಿಯನ್ನೋ ಹಿಡಿದಿಡಲು ಉಕ್ಕಿನ ಪಾತ್ರೆಗಳು ಬೇಕು. ತುಕ್ಕಿನಿಂದ ಪಾತ್ರೆಯ ಗೋಡೆ ಒಂದೆಡೆ ಮಾತ್ರ ತೆಳುವಾದರೆ ಅದನ್ನು ತೆಗೆದುಹಾಕಲೇಬೇಕೆ? ಬೇಕಿಲ್ಲ, ಆದರೆ ಅಳೆಯದೆ ಬಳಸುವುದು ಅಪಾಯ.

ಶ್ರವಣಾತೀತ ಧ್ವನಿಯು ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5,900 ಮೀಟರ್ ಚಲಿಸುತ್ತದೆ. ಅದು ಗೋಡೆಯ ಒಳಮೈಗೆ ತಾಗಿ ಮರಳುವ ಕಾಲದಿಂದ ದಪ್ಪ ತಿಳಿಯುತ್ತದೆ. ಸವೆದ ಭಾಗ ಚಿಕ್ಕದಾದರೆ ಸುತ್ತಲಿನ ದಪ್ಪ ಲೋಹವು ಹೊರೆಯನ್ನು ಹಂಚಿಕೊಳ್ಳುತ್ತದೆ. ಉದ್ದವಾದಂತೆ ಈ ಆಸರೆ ಕುಗ್ಗುತ್ತದೆ. ಆದ್ದರಿಂದ ಸವೆತದ ಆಳದೊಡನೆ ಉದ್ದವನ್ನೂ ಅಳೆಯಬೇಕು. ಬಲ ಸಾಲದಿದ್ದರೆ ಒತ್ತಡವನ್ನು ಇಳಿಸಬೇಕು, ಇಲ್ಲವೆ ದುರಸ್ತಿ ಮಾಡಬೇಕು.

ಗೋಡೆಯ ಈಗಿನ ದಪ್ಪ 8 ಮಿ.ಮೀ., ಬೇಕಾದ ಕನಿಷ್ಠ ದಪ್ಪ 6 ಮಿ.ಮೀ., ಸವೆತ ವರ್ಷಕ್ಕೆ 0.25 ಮಿ.ಮೀ. ಎನ್ನೋಣ. ಉಳಿದ ಆಯುಸ್ಸು 8 ವರ್ಷ. ಆದರೆ ಸವೆತದ ವೇಗ ಬದಲಾಗಬಹುದು. ಆದ್ದರಿಂದ 4 ವರ್ಷದೊಳಗೇ ಮತ್ತೆ ಅಳೆಯಬೇಕು.